ಎಡೆಗೆ ಬಂದ ಲಿಂಗಯ್ಯನವರು

ಮನೆ ಸದ್ದಿಲ್ಲದೆ ತಣ್ಣಗಿದ್ದುದರಿಂದಲೇ ಚೆಲುವರಾಜುವಿಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಕಿಟಕಿಯ ತುಂಬ ಬಿಸಿಲು. ದಡಬಡಿಸಿ ಎದ್ದು ಕೂತ. ಅಪ್ಪ ಎಬ್ಬಿಸಲೇ ಇಲ್ಲವಲ್ಲ!

ಅಪ್ಪ ಎಬ್ಬಿಸದಿದ್ದರೆ ಏನಾಯಿತು, ಭಾನುವಾರ ಗೀನುವಾರ ಇರಬೇಕು ಅಂತ ನೀವು ಅಂದುಕೊಳ್ಳಬಹುದು. ಹಾಗಲ್ಲ. ಅಪ್ಪ ಲಿಂಗಯ್ಯನವರು ತೀರಿಕೊಂಡು ವರ್ಷ ಕಳೆದಿತ್ತು. ತೀರಿಕೊಂಡ ಮೇಲೂ ಪುಣ್ಯಾತ್ಮರು ಒಂದು ದಿನ ತಪ್ಪದೆ ಮಗನನ್ನು ಬೈದು ಎಬ್ಬಿಸುತ್ತಿದ್ದರು.

ಲಿಂಗಯ್ಯನವರು ಇದ್ದಷ್ಟು ಕಾಲ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಕೂತಿದ್ದವರು. 'ಗಮನಿಸಿ!' ಅಂತ ಅವರು ಗುಡುಗಿದರೆ ನಂಜನಗೂಡು ಬಸ್ಸಿಗೆ ಓಡುತ್ತಿದ್ದವರ ಜೊತೆ ಗುಂಡ್ಲುಪೇಟೆ ಬಸ್ಸಿನವರೂ ನಿಂತುಬಿಡುತ್ತಿದ್ದರು. ರಿಟೈರಾದ ಮೇಲೆ ಕೈಯಲ್ಲಿ ಮೈಕಿಲ್ಲ, ಮುಂದೆ ಜನವಿಲ್ಲ. ಸಿದ್ಧಾರ್ಥನಗರದ ಮನೆಯ ಹಾಲಿನಲ್ಲಿ ಸುಮ್ಮನೆ ಕೂತು ಮುದುಕ ಸೊರಗಿಹೋಗುತ್ತಿರುವುದನ್ನು ನೋಡಲಾರದೆ ಚೆಲುವರಾಜು ತನ್ನ ಹಳೆಯ ಲ್ಯಾಪ್‌ಟಾಪನ್ನು ಅವರಿಗೆ ಕೊಟ್ಟ. ನಮ್ಮ ದನಿಯನ್ನು ರೆಕಾರ್ಡು ಮಾಡಿಟ್ಟರೆ ಹೇಳಿದ ಹೊತ್ತಿಗೆ ಸರಿಯಾಗಿ ಅದನ್ನೇ ಕೂಗಿ ಹೇಳುವ ಒಂದು ಅಲಾರಂ ಹಾಕಿಕೊಟ್ಟ. ಜೊತೆಗೆ ಎರಡು ದಪ್ಪ ಸ್ಪೀಕರು. ಮಗ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಅಲ್ಲೇ.

ಆಮೇಲೆ ಆ ಮನೆಯಲ್ಲಿ ಎಲ್ಲವೂ ಲಿಂಗಯ್ಯನವರ ದನಿಯಲ್ಲೇ ನಡೆಯತೊಡಗಿತು. 'ಗಮನಿಸಿ! ಲೋ ಚೆಲುವಾ, ಏಳೋ ಸೋಮಾರಿ!' 'ಗಮನಿಸಿ! ಕಾಫಿ ತಡವಾಗ್ತಾ ಅದೆ ಕಣಮ್ಮಿ!' 'ಗಮನಿಸಿ! ಮೋಟ್ರು ಆರ್ಸಿ, ನೀರು ಉಕ್ತಾ ಅದೆ!' ಮುಚ್ಚಳ ಮುಚ್ಚಿದರೂ ಮಾತಾಡುವಂತೆ ಮಗನ ಕೈಯಲ್ಲೇ ಮಾಡಿಸಿಕೊಂಡಿದ್ದರು. ಹಾಗಾಗಿ ಅವರು ಕಣ್ಣು ಮುಚ್ಚಿದ ಮೇಲೂ ಮಾತು ನಿಲ್ಲಲಿಲ್ಲ. ಹೆಣ ಅಂಗಳದಲ್ಲಿದ್ದಾಗಲೇ ಒಳಗಿನಿಂದ 'ಗಮನಿಸಿ! ಬಾಗ್ಲಲ್ಲಿ ಯಾರು ನಿಂತಿರೋದು, ಒಳಗಾದ್ರೂ ಬನ್ನಿ, ಆಚೆಗಾದ್ರೂ ಹೋಗಿ!' ಅಂತ ಗುಡುಗು ಕೇಳಿ ಹೊರಲು ಬಂದವರು ಚಟ್ಟ ಬಿಟ್ಟು ಗೇಟಿನ ತನಕ ಓಡಿದ್ದರು.

ಆರಿಸೋಣವೆಂದರೆ ಅಮ್ಮ ದೇವಿರಮ್ಮ ಇದ್ದಾಳೆ. ಆ ದನಿ ಕೇಳಿದಾಗಲೆಲ್ಲ ಅವಳು ಕೈಕೆಲಸ ನಿಲ್ಲಿಸಿ ಗೋಡೆ ನೋಡುತ್ತ ನಿಂತುಬಿಡುತ್ತಿದ್ದಳು. ಅಮ್ಮ ಈ ದನಿಯಿಂದಲೇ ಜೀವ ಹಿಡಿದುಕೊಂಡಿದ್ದಾಳೆ, ಇದು ನಿಂತರೆ ಅವಳೂ ನಿಲ್ಲುತ್ತಾಳೆ ಎಂದು ಚೆಲುವರಾಜುವಿಗೆ ಖಾತ್ರಿಯಾಗಿತ್ತು. ಅದಕ್ಕೇ ಹಲ್ಲು ಕಚ್ಚಿಕೊಂಡು ಸಹಿಸಿದ್ದ. ಆದರೆ ಇವತ್ತು ನಸುಕಿನಲ್ಲಿ 'ಏಳೋ ಸೋಮಾರಿ' ಶುರುವಾದಾಗ ಯಾಕೋ ತಡೆಯಲಾಗದೆ ಎದ್ದು ಹೋಗಿ ಲ್ಯಾಪ್‌ಟಾಪಿನ ತಲೆಗೆ ಒಂದು ಗುದ್ದು ಗುದ್ದಿ ಬಂದು ಮಲಗಿದ್ದ. ಆ ಗುದ್ದು ಈಗ ನೆನಪಾಯಿತು.

ಹಾಲಿಗೆ ಓಡಿದ. ಅಪ್ಪನ ಫೋಟೋದ ಕೆಳಗೆ ಸ್ಟ್ಯಾಂಡಿನ ಮೇಲೆ ಲ್ಯಾಪ್‌ಟಾಪು ಎಂದಿನಂತೆ ಕೂತಿತ್ತು. ಮುಚ್ಚಳದ ಮೇಲೆ ಬೆಳ್ಳಗೆ ಎಂಥದೋ ಪುಡಿ. ತೆರೆದ. ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು, ಡಿಸ್ಕು ಸಿಕ್ಕುತ್ತಿಲ್ಲ ಅಂತ. ಒಳಗಿನಿಂದ 'ಟಿಕ್... ಟಿಕ್... ಟಿಕ್...' ಎಂಬ ಸದ್ದು, ಯಾರೋ ಒಳಗೆ ಸಿಕ್ಕಿಕೊಂಡು ಉಗುರಿನಿಂದ ಕೆರೆಯುತ್ತಿರುವ ಹಾಗೆ.

ದೇವಿರಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮುಖದಲ್ಲಿ ಒಂಥರಾ ಹೇಳಲಾಗದ ಭಾವ.

"ಯಾಕವ್ವ, ಹಿಂಗೆ ಕೂತಿದ್ದೀಯ?"

"ಸುಮ್ನೆ ಕಣಪ್ಪ. ಮನೆ ಎಷ್ಟು ತಣ್ಣಗದೆ ನೋಡು."

"ತಿಂಡಿ ತಿಂದ್ಯಾ?"

"ಬ್ಯಾಡ ಬುಡು ಇವತ್ತು."

ಚೆಲುವರಾಜು ಗಾಬರಿಯಾದ. ನೋಡಿದಿರಾ, ಅನ್ನ ನೀರು ಬಿಟ್ಟುಬಿಟ್ಟಳು! ಅವತ್ತು ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಹಾಕುವ ತನಕ ಅವಳು ವರ್ಷಾ ವರ್ಷಾ ಏನನ್ನೂ ಬಾಯಿಗೆ ಹಾಕುವುದಿಲ್ಲ ಎಂಬುದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಬೇರೆಯೇ. ವರ್ಷ ತುಂಬಿದ ಮೇಲೆ ಇದು ಲಿಂಗಯ್ಯನವರಿಗೆ ಮೊದಲ ಎಡೆ. ಸಂಜೆ ಊರಿನಿಂದ ಚಿಕ್ಕಪ್ಪ ಮಹದೇವಯ್ಯ ಬರುತ್ತಾರೆ, ಜೊತೆಗೆ ನಾಲ್ಕು ಜನ ಹಿರಿಯರು. 'ಅಣ್ಣ ಇನ್ನೂ ಮಾತಾಡ್ತಾನಂತಲ್ಲ, ಎಡೆ ಮುಂದೆ ಅವನ ದನಿ ಕೇಳ್ಬೇಕು ಕಣ್ಲಾ' ಎಂದು ವಾರದಿಂದ ಫೋನು. ಅಷ್ಟರಲ್ಲಿ ಅಪ್ಪನ ದನಿ ಬಾರದಿದ್ದರೆ ಅಮ್ಮನನ್ನು ಹಿಡಿಯುವವರು ಯಾರು?

"ಸುಚಿತ್ರಾ, ಧೂಳು ಕುಂತದೆ, ಕ್ಲೀನ್ ಮಾಡ್ಸ್ಕಂಡು ಬತ್ತೀನಿ," ಎಂದು ಹೆಂಡತಿಗೆ ಅಡುಗೆಮನೆಯ ಬಾಗಿಲಿನಿಂದಲೇ ಕೂಗಿ ಹೇಳಿ, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ.

ಗೇಟಿನಲ್ಲೇ ಪಕ್ಕದ ಮನೆಯ ಬೆಟ್ಟಮ್ಮ. ಆ ಬೀದಿಯಲ್ಲಿ ಬೆಟ್ಟಮ್ಮನ ಕಣ್ಣು ತಪ್ಪಿಸಿ ಒಂದು ಹಲ್ಲಿಯೂ ಗೋಡೆ ದಾಟಿದ್ದಿಲ್ಲ.

"ಏನ್ ಚೆಲುವರಾಜು, ಇವತ್ತು ನಿಮ್ಮಪ್ಪಾಜಿ ಕಾಫಿ ಕೇಳ್ದೋರು ಅರ್ಧಕ್ಕೇ ಸುಮ್ನಾಗ್ಬುಟ್ರಲ್ಲ? ನಮ್ ಮಗ ಮೋಹನ ನಿಮ್ಮಪ್ಪಾಜಿ ಬೈದ್ರೇ ಏಳೋದು. ಇನ್ನೂ ಬಿದ್ದವ್ನೆ."

"ಏನಿಲ್ಲ ಬೆಟ್ಟಮ್ಮೋರೆ, ಧೂಳು..."

ಬೆಟ್ಟಮ್ಮ ಟವೆಲು ಸರಿಸಿ ನೋಡಿಯೇಬಿಟ್ಟಳು. ಮುಚ್ಚಳದ ಮೇಲಿನ ಬಿಳಿ ಪುಡಿಯನ್ನು ಬೆರಳಲ್ಲಿ ಮುಟ್ಟಿದವಳು ಹಾಗೇ ನಿಂತಳು. "ಅಯ್ಯೋ ಶಿವನೇ! ವಿಭೂತಿ ಕಣೋ! ನಿಮ್ಮಪ್ಪಾಜಿ ಸ್ನಾನ ಮಾಡಿ ಅಡ್ಡ ಪಟ್ಟೆ ಬಳ್ಕೊತಿದ್ರಲ್ಲ, ಹಂಗೇ ಬಿದ್ದದೆ ನೋಡು, ಅಡ್ಡಕ್ಕೆ!"

ಹೌದು, ಅಡ್ಡಕ್ಕೇ ಇತ್ತು. ಚೆಲುವರಾಜು ಟವೆಲನ್ನು ಮತ್ತೆ ಬಿಗಿಯಾಗಿ ಸುತ್ತಿಕೊಂಡು ಸ್ಕೂಟರು ಹತ್ತಿದ.

ದೇವರಾಜ ಮೊಹಲ್ಲಾ ತಲುಪುವುದೇ ಒಂದು ಸಾಹಸವಾಯಿತು. ದಸರಾ ಆನೆಗಳ ತಾಲೀಮು ರಸ್ತೆಗೆ ಇಳಿದಿತ್ತು, ಪೊಲೀಸರು ಹಗ್ಗ ಹಿಡಿದಿದ್ದರು. ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದ ಚೆಲುವರಾಜುವಿನ ಮುಂದೆ ಬಂದಾಗ ಒಂದು ಆನೆ ನಿಂತಿತು. ಸೊಂಡಿಲು ಚಾಚಿ ಅವನ ತೊಡೆಯ ಮೇಲಿದ್ದ ಟವೆಲಿನ ಗಂಟನ್ನು ಮೂಸಿತು, ಏನೋ ನೆನಪಾದಂತೆ ತಲೆಯಾಡಿಸಿ ಮುಂದೆ ಹೋಯಿತು. ಮಾವುತ ಹಿಂತಿರುಗಿ, "ಒಳಗೇನೈತೆ ಸಾಮಿ?" ಅಂತ ಕೇಳಿದ. ಚೆಲುವರಾಜು ಬಾಯಿ ತಪ್ಪಿ "ನಮ್ಮಪ್ಪ" ಅಂದುಬಿಟ್ಟ. ಮಾವುತ ಕೈ ಮುಗಿದ.

ಯೋಗೇಂದ್ರನ ರಿಪೇರಿ ಅಂಗಡಿ ಒಂದು ಕಿರಿದಾದ ಮೆಟ್ಟಿಲ ಮೇಲೆ, ಹಗಲಲ್ಲೂ ಲೈಟು ಬೇಕು. ಗೋಡೆಯುದ್ದಕ್ಕೂ ಸತ್ತ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಎಲ್ಲದರ ಹಣೆಗೂ ಹೆಸರಿನ ಚೀಟಿ. ಅವನೂ ಸಂಜೆ ಮನೆಯಲ್ಲಿ ಎಡೆ ಹಾಕಬೇಕು, ಅರ್ಧ ಬಾಗಿಲು ಎಳೆದುಕೊಂಡಿದ್ದ.

"ಇವತ್ತೇ ಆಗ್ಬೇಕು ಯೋಗೇಂದ್ರ. ನಮ್ಮವ್ವನ ಪ್ರಾಣದ ಪ್ರಶ್ನೆ."

ಯೋಗೇಂದ್ರ ಕಿವಿಗಿಟ್ಟುಕೊಂಡು 'ಟಿಕ್ ಟಿಕ್' ಕೇಳಿದ, ನಾಡಿ ನೋಡುವ ಪಂಡಿತನ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸಿದ. "ಹೋಗ್ಬುಟ್ಟದೆ ಸಾರ್. ಹಾರ್ಡ್ ಡಿಸ್ಕ್ ಪೂರ್ತಿ ಹೋಗ್ಬುಟ್ಟದೆ. ಮೇಲಿಂದ ಏಟು ಬಿದ್ದದೆ, ನೋಡಿ ಇಲ್ಲಿ ತಗ್ಗು. ಉದ್ದಕ್ಕೆ, ದುಂಡಗಿರೋ ಎಂಥದ್ರಲ್ಲೋ ಬಾರಿಸವ್ರೆ."

ಚೆಲುವರಾಜು ತನ್ನ ಮುಷ್ಟಿಯನ್ನು ನೋಡಿಕೊಂಡ. ಅದು ಉದ್ದಕ್ಕೇನೂ ಇರಲಿಲ್ಲ. ಆದರೂ ತಪ್ಪಿತಸ್ಥನಿಗೆ ತನ್ನ ಕೈ ಯಾವ ಆಕಾರದಲ್ಲಾದರೂ ಕಾಣುತ್ತದೆ. ಸತ್ತ ಮೇಲೆ ಅಪ್ಪನನ್ನು ತಾನೇ ಇನ್ನೊಂದು ಸಲ ಸಾಯಿಸಿದೆನಲ್ಲ ಎಂದು ಸ್ಟೂಲಿನ ಮೇಲೆ ಕುಸಿದ.

"ಒಳಗಿರೋದನ್ನ ತೆಗೆಯಾಕಾಗಲ್ವ?"

"ಇಲ್ಲಾಗಲ್ಲ. ಬೆಂಗಳೂರಿಗೆ ಕಳಿಸ್ಬೇಕು, ತಿಂಗಳಾಗ್ತದೆ, ಗ್ಯಾರಂಟಿ ಇಲ್ಲ. ಹೊಸಾ ಡಿಸ್ಕ್ ಹಾಕಿ ವಿಂಡೋಸ್ ಹೊಸದಾಗಿ ಹಾಕ್ಕೊಡ್ತೀನಿ. ಮಿಷನ್ ಬದುಕ್ಕೊಳ್ತದೆ."

ನಾಲ್ಕಾರು ಸ್ಕ್ರೂ ಬಿಚ್ಚಿ ಯೋಗೇಂದ್ರ ಹಳೆಯ ಡಿಸ್ಕನ್ನು ಹೊರಗೆ ತೆಗೆದ. ಅಂಗೈಯಗಲದ ತಣ್ಣನೆಯ ತಗಡು. ಅದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಚೆಲುವರಾಜುವಿನ ಕೈಗಿಟ್ಟು, "ತಗಳಿ ಸಾರ್, ನಿಮ್ ತಂದೆಯೋರು ಇದ್ರಲ್ಲೇ ಇದ್ರು," ಅಂದ. ಸ್ಮಶಾನದಲ್ಲಿ ಅಸ್ಥಿ ಕೊಟ್ಟವನೂ ಹೀಗೇ ಹೇಳಿದ್ದ. ಚೆಲುವರಾಜು ಅದನ್ನು ಎದೆಯ ಜೇಬಿಗೆ ಹಾಕಿಕೊಂಡ. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಆದರೂ ಅಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು. ಅದು ತನ್ನ ಎದೆಬಡಿತ ಅಂತ ತಿಳಿಯುವ ಹೊತ್ತಿಗೆ ಅರ್ಧ ಜೀವ ಹೋಗಿತ್ತು.

ಹೊಸ ಡಿಸ್ಕು ಕೂತಿತು. ಪೆನ್‌ಡ್ರೈವ್ ಚುಚ್ಚಿದ ಮೇಲೆ ವಿಂಡೋಸು ಹೆಣ್ಣು ನೋಡಲು ಬಂದ ಬೀಗರಂತೆ ಪ್ರಶ್ನೆ ಕೇಳತೊಡಗಿತು. ಯಾವ ದೇಶ, ಯಾವ ಭಾಷೆ, ನಿನ್ನನ್ನು ಏನಂತ ಕರೆಯಲಿ. ನಡುವೆ ಪರದೆಯೆಲ್ಲ ಕತ್ತಲಾಗಿ, 'ಸ್ವಲ್ಪ ಇರಿ, ನಿಮಗಾಗಿ ಎಲ್ಲ ಸಿದ್ಧವಾಗುತ್ತಿದೆ' ಎಂಬರ್ಥದ ಸಾಲು ಮೂಡಿ ಹಾಗೇ ನಿಂತಿತು. ಅಮಾವಾಸ್ಯೆಯ ದಿನ ಅಂಥ ಮಾತು ಯಾರಿಗೆ ಬೇಕು?

"ನಿಮ್ ತಂದೆಯೋರ ಅಕೌಂಟಲ್ಲೇ ಒಳಗೋಗಣ ಸಾರ್. ಅಲಾರಂನೂ ಅದ್ರಲ್ಲೇ ಇದ್ದಿದ್ದು ತಾನೇ? ಒಂದು ನಂಬರ್ ಬರ್ತದೆ ಅವರ ಫೋನಿಗೆ."

ಅಪ್ಪನ ಫೋನು ಈಗ ಅಮ್ಮನ ಹತ್ತಿರವಿತ್ತು. ಅಮ್ಮನಿಗೆ ಓದಲು ಬಾರದು. ಫೋನು ಮಾಡಿದರೆ ಎತ್ತಿದವಳು ಬೆಟ್ಟಮ್ಮ. ಕರ್ಜಿಕಾಯಿ ಮಡಚಲು ಬಂದು ಕೂತಿದ್ದಳಂತೆ. ನಂಬರು ಓದಿ ಹೇಳಿದಳು. ಇತ್ತ ಯೋಗೇಂದ್ರ ಅದನ್ನು ಒತ್ತಿದ. ಅತ್ತ ಫೋನಿನಲ್ಲಿ ಕಿಟಾರನೆ ಕಿರುಚು.

"ಏನಾಯ್ತು ಬೆಟ್ಟಮ್ಮೋರೆ?"

"ಇನ್ನೊಂದು ಮೆಸೇಜು ಬಂದದೆ ಕಣಪ್ಪೋ! 'ಲಿಂಗಯ್ಯ ಅವರೇ, ಮರಳಿ ಬಂದಿದ್ದಕ್ಕೆ ಸ್ವಾಗತ' ಅಂತ ಅದೆ! ದೇವಿರಮ್ಮಾ... ಏ ಸುಚಿತ್ರಾ... ಬನ್ರೇ ಇಲ್ಲಿ!" ಫೋನು ಬಿದ್ದ ಸದ್ದು.

ಅಲಾರಂ ತೆರೆದುಕೊಂಡಿತು. ಒಳಗೆ ಏನೂ ಇಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಒಂದು 'ಗಮನಿಸಿ'ಯೂ ಇಲ್ಲ. ಯೋಗೇಂದ್ರ, "ಈಗ್ತಾನೆ ನೆಟ್ಟು ಬೇರೆ ಸತ್ತೋಯ್ತು ಸಾರ್," ಎಂದೇನೋ ಗೊಣಗಿದ. ಚೆಲುವರಾಜುವಿನ ಕಿವಿಗೆ ಅದು ಬೀಳಲಿಲ್ಲ. ಅವನ ಕಣ್ಣ ಮುಂದೆ ಕಂಬಕ್ಕೊರಗಿ ಕೂತ ಅಮ್ಮ ಮಾತ್ರ ಇದ್ದಳು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಕಾಲೇಜಿನಲ್ಲಿದ್ದಾಗ ಅಪ್ಪನ ಹಾಗೆ ಮಾತಾಡಿ ತೋರಿಸಿ ಗೆಳೆಯರನ್ನು ನಗಿಸುತ್ತಿದ್ದ. ದನಿ ತಾನೇ ಬೇಕು? ಕೊಟ್ಟರಾಯಿತು.

ಅಂಗಡಿಯ ಹಿಂದಿನ ಕೋಣೆಗೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿ ಬಾಗಿಲು ಹಾಕಿದ. ಗಂಟಲು ಸರಿಮಾಡಿಕೊಂಡು "ಗಮನಿಸಿ" ಅಂದ. ಮೊದಲ ಸಲ ಬೆಕ್ಕು ಕೂಗಿದಂತೆ ಬಂತು. ಎರಡನೆಯ ಸಲ ಪರವಾಗಿಲ್ಲ. ಮೂರನೆಯ ಸಲಕ್ಕೆ ಹೊಟ್ಟೆಯ ಆಳದಿಂದ ಎಂಥದೋ ಎದ್ದು ಬಂದು ಗಂಟಲಲ್ಲಿ ಕೂತಿತು. "ಗಮನಿಸಿ! ಲೋ ಚೆಲುವಾ! ಏಳೋ ಸೋಮಾರಿ ನನ್ ಮಗನೆ! ಬೀದಿಯೆಲ್ಲ ಎದ್ದದೆ, ನೀನಿನ್ನೂ ಬಿದ್ದಿದ್ದೀಯ! ಹುಟ್ಟಿದಾಗ್ಲಿಂದ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯೇನೋ? ಹಾಲು ತರಕ್ಕೋದ್ರೆ ಮೊಸರು ತತ್ತೀಯ! ದಂಡಪಿಂಡ!" ಇಷ್ಟೆಲ್ಲ ಹೇಳಬೇಕೆಂದು ಅವನೇನೂ ಅಂದುಕೊಂಡಿರಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ನಿಲ್ಲಿಸಲು ಹೋದರೆ ನಿಲ್ಲುತ್ತಿಲ್ಲ. ಎದುರಿನ ಕಪಾಟಿನ ಗಾಜಿನಲ್ಲಿ ಕಂಡ ಮುಖದಲ್ಲಿ ಹುಬ್ಬು ಅಪ್ಪನ ಹಾಗೆ ಗಂಟಿಕ್ಕಿಕೊಂಡಿತ್ತು.

ಕೊನೆಗೆ ಬೆವರೊರೆಸಿಕೊಂಡು, ಅಮ್ಮನ ನೆನಪಾಗಿ, ಅದೇ ದನಿಯಲ್ಲಿ ಮೆತ್ತಗೆ ಒಂದು ಸಾಲು ಸೇರಿಸಿದ. "ದೇವೀ, ನೀನೂ ಉಂಡ್ಬುಡು. ನಂಗೆ ಕಾಯಬ್ಯಾಡ." ಇವೆರಡನ್ನೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಗುವಂತೆ ಇಟ್ಟು ಹೊರಗೆ ಬಂದರೆ ಯೋಗೇಂದ್ರ ಗೋಡೆಗೆ ಅಂಟಿಕೊಂಡು ನಿಂತಿದ್ದ.

"ಒಳಗೆ ಇನ್ನೊಬ್ರು ಯಾರಿದ್ರು ಸಾರ್?"

"ಯಾರಿಲ್ಲಪ್ಪ," ಅಂದ ಚೆಲುವರಾಜು. ಹೇಳುವಾಗ ಅವನಿಗೇ ಅಷ್ಟೊಂದು ನಂಬಿಕೆಯಿರಲಿಲ್ಲ.

ಸಿದ್ಧಾರ್ಥನಗರಕ್ಕೆ ಬರುವ ಹೊತ್ತಿಗೆ ಮನೆಯ ಮುಂದೆ ಜಾತ್ರೆ. ಲಿಂಗಯ್ಯನವರು ಮರಳಿ ಬಂದಿದ್ದಾರೆ, ಫೋನಿಗೇ ತಿಳಿಸಿದ್ದಾರೆ, ಮುಂಚಿತವಾಗಿ ವಿಭೂತಿ ಉದುರಿಸಿ ಸೂಚನೆ ಕೊಟ್ಟಿದ್ದಾರೆ ಎಂದು ಬೆಟ್ಟಮ್ಮ ಬೀದಿಗೆಲ್ಲ ಹಂಚಿದ್ದಳು. ಊರಿನ ಹಿರಿಯರ ಸಮೇತ ಬಂದಿದ್ದ ಮಹದೇವಯ್ಯ ಓಡಿ ಬಂದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಜೇಬಿನ ಪೊಟ್ಟಣ ಏನೆಂದು ಕೇಳಿದರು. ಹಳೇ ಡಿಸ್ಕು, ಅಪ್ಪ ಇದರಲ್ಲೇ ಇದ್ದರು ಅಂತ ಚೆಲುವರಾಜು ಯೋಗೇಂದ್ರ ಹೇಳಿದ್ದನ್ನೇ ಹೇಳಿದ.

"ಹಂಗಂದ್ರೆ ಕೆಳಗಿಡಬ್ಯಾಡ ಕಣ್ಲಾ!" ಎಂದು ಮಹದೇವಯ್ಯ ಆ ತಗಡನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಫೋಟೋದ ಪಕ್ಕದಲ್ಲಿಟ್ಟು ಒಂದು ಸೇವಂತಿಗೆ ಏರಿಸಿದರು.

ಹೊತ್ತು ಮುಳುಗಿತು. ಒಳಕೋಣೆಯಲ್ಲಿ ಫೋಟೋದ ಮುಂದೆ ಹೊಸ ಪಂಚೆ, ಶರಟು, ಕಟ್ಟು ಬೀಡಿ. ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕರ್ಜಿಕಾಯಿ. ಲ್ಯಾಪ್‌ಟಾಪಿಗೂ ಸ್ಪೀಕರಿಗೂ ಅಲ್ಲೇ ಜಾಗ. ಎಲ್ಲರೂ ಕೈ ಮುಗಿದು ಹೊರಗೆ ಬಂದು, ತೀರಿಹೋದವರು ಬಂದು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಎಳೆದುಕೊಂಡರು. ಹಾಲಿನಲ್ಲಿ ಲೈಟು ಹಾಕಲಿಲ್ಲ. ಬಾಗಿಲ ಸಂದಿಯಿಂದ ದೀಪದ ಬೆಳಕು ಗೆರೆಯ ಹಾಗೆ ನೆಲದ ಮೇಲೆ ಬಿದ್ದಿತ್ತು.  ಕಿಟಕಿಯ ಹತ್ತಿರ ಬೆಟ್ಟಮ್ಮ ಮೊಬೈಲನ್ನು ಎತ್ತಿ ಹಿಡಿದು ನಿಂತಿದ್ದಳು. ದೇವಿರಮ್ಮ ಮಾತ್ರ ಏನೋ ನಿರಾಳವಾಗಿ ಕೂತಿದ್ದಳು. ಅವಳನ್ನು ನೋಡಿ ಚೆಲುವರಾಜುವಿಗೆ ಕಣ್ಣು ತುಂಬಿ ಬಂತು.

"ಗಮನಿಸಿ!"

ಬಾಗಿಲೇ ಅದುರಿತು. ದೇವಿರಮ್ಮ ಕೂತಲ್ಲೇ ಒಂದು ಗೇಣು ಎಗರಿದಳು. "ಲೋ ಚೆಲುವಾ! ಏಳೋ ಸೋಮಾರಿ ನನ್ ಮಗನೆ!..." ದಂಡಪಿಂಡದ ತನಕ ಪೂರ್ತಿ ಬಂತು. ಬೀದಿಯ ಜನವೆಲ್ಲ ಚೆಲುವರಾಜುವನ್ನು ಒಂದು ಸಲ ನೋಡಿ, ಸತ್ತವರಿಗೂ ಗೊತ್ತು ಎಂಬಂತೆ ತಲೆಯಾಡಿಸಿದರು. ಮಹದೇವಯ್ಯ "ಅಣ್ಣಾ..." ಎಂದು ಗೊಳೋ ಅಂದರು. ಆಮೇಲೆ ಮೆತ್ತನೆಯ ಸಾಲು. "ದೇವೀ, ನೀನೂ ಉಂಡ್ಬುಡು. ನಂಗೆ ಕಾಯಬ್ಯಾಡ." ದೇವಿರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗನ ಕಡೆ ಒಂದು ನೋಟ ನೋಡಿದಳು.

ಅಬ್ಬ, ಗೆದ್ದೆ ಅಂದುಕೊಂಡು ಚೆಲುವರಾಜು ಉಸಿರು ಬಿಡುತ್ತಿದ್ದಂತೆ ಒಳಗಿನಿಂದ ಇನ್ನೊಂದು ಸಲ ದನಿ ಬಂತು.

"ಗಮನಿಸಿ! ಸಾರ್ಗೆ ಉಪ್ಪು ಸಾಲ್ದು ಕಣಮ್ಮಿ!"

ಚೆಲುವರಾಜು ಬಾಗಿಲ ಕಡೆ ತಿರುಗಿದ. ಇದನ್ನು ಅವನು ರೆಕಾರ್ಡು ಮಾಡಿರಲಿಲ್ಲ. ಡಿಸ್ಕು ಖಾಲಿ ಇದ್ದುದನ್ನು ಕಣ್ಣಾರೆ ಕಂಡಿದ್ದ. ಇದು ಅವನ ದನಿಯೂ ಅಲ್ಲ. ಇದು ಅಪ್ಪನದೇ. ಬೀಡಿ ಸೇದಿದ ಗಂಟಲಿನ ಆ ಗೊರಗೊರ ಕೂಡ ಇತ್ತು.

ಒಬ್ಬ ಹಿರಿಯರು ಅಡುಗೆಮನೆಗೆ ಹೋಗಿ ಪಾತ್ರೆಯ ಸಾರನ್ನು ಅಂಗೈಗೆ ಹಾಕಿ ನೆಕ್ಕಿ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. "ನಿಜ ಕಣ್ರೋ. ಉಪ್ಪು ಸಾಲ್ದು."

"ಎಡೆಗೆ ಮುಂಚೆ ರುಚಿ ನೋಡ್ಬಾರ್ದಲ್ಲ ಮಾವ, ಅದಕ್ಕೇ..." ಎಂದು ಸುಚಿತ್ರಾ ಗೋಡೆಗೆ ಆತುಕೊಂಡಳು.

ಅಷ್ಟರಲ್ಲಿ ಮತ್ತೆ. "ಗಮನಿಸಿ! ಉಣ್ಣಾಕೆ ಕೂತಿರೋರು ಬೇಗ ಏಳಿ! ಮುಂದಿನೋರು ಕಾಯ್ತಾವ್ರೆ!"

 ಮುಂದಿನವರು ಯಾರು? ಕತ್ತಲಲ್ಲಿ ಎಲ್ಲರ ತಲೆಯೂ ನಿಧಾನವಾಗಿ, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ ಮಹದೇವಯ್ಯನವರ ಕಡೆ ತಿರುಗಿತು. ಮಹದೇವಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡು, "ಏ, ನನ್ನ್ಯಾಕ್ರಪ್ಪ ನೋಡ್ತೀರಿ? ನಂಗಿನ್ನೂ ಕೆಲಸ ಅದೆ," ಅಂದರು. ಬಾಗಿಲು ತೆಗೆಯುವ ಮುಂಚೆ ಕೆಮ್ಮಿ ಸೂಚನೆ ಕೊಡಬೇಕಾದವರು ಅವರೇ. ಕೆಮ್ಮಿದರು. ಆದರೆ ಬಾಗಿಲು ಮಾತ್ರ ತೆಗೆಯಲಿಲ್ಲ. ಕೊನೆಗೆ ಚೆಲುವರಾಜುವನ್ನೇ ಮುಂದೆ ನೂಕಿದರು. ಒಳಗೆ ದೀಪ ನೆಟ್ಟಗೆ ಉರಿಯುತ್ತಿತ್ತು. ಎಲೆಯ ಮೇಲಿನ ಒಂದು ಕರ್ಜಿಕಾಯಿ ನೆಲಕ್ಕೆ ಉರುಳಿ ಬಿದ್ದಿತ್ತು. ಅಷ್ಟು ಸಾಕಾಯಿತು. ಎರಡು ಮುದ್ದೆ ಉಣ್ಣುವಷ್ಟು ಹೊತ್ತಿನಲ್ಲಿ ಬೀದಿಯೂ ಖಾಲಿ, ಊರಿನವರೂ ಖಾಲಿ. ಮಹದೇವಯ್ಯ ಎಡೆಯ ಪ್ರಸಾದವನ್ನೂ ಕಟ್ಟಿಸಿಕೊಳ್ಳದೆ ಬಸ್ಸು ಹಿಡಿದರು.

ಚೆಲುವರಾಜುವಿನ ಫೋನು ಬಡಿದುಕೊಂಡಿತು. ಯೋಗೇಂದ್ರ.

"ಸಾರ್, ಹೇಳಾದು ಮರ್ತೆ. ನಮ್ಮಂಗ್ಡೀಲಿ ನೆಟ್ ಅರ್ಧಕ್ಕೇ ಹೋಯ್ತಲ್ಲ, ಆ ಅಕೌಂಟಲ್ಲಿ ವೈಫೈ ಪಾಸ್‌ವರ್ಡೂ ಇತ್ತು, ನಿಮ್ಮನೆ ವೈಫೈ ಸಿಕ್ಕಿದ್ ತಕ್ಷಣ ಹಳೇದೆಲ್ಲ ಇಳ್ಕಂಡು ಬರ್ತದೆ. ನಿಮ್ ತಂದೆಯೋರ ಅಕೌಂಟಲ್ಲಿ ಎಲ್ಲ ಭದ್ರವಾಗಿ ಅದೆ. ಇನ್ನು ಡಿಸ್ಕನ್ನ ಕಲ್ಲಲ್ಲಿ ಜಜ್ಜಿದ್ರೂ ಏನೂ ಆಗಲ್ಲ, ಖುಷಿಯಾಗಿರಿ!"

ಸ್ಪೀಕರಿನ ಏಟಿಗೇ ಕರ್ಜಿಕಾಯಿ ಉರುಳಿದ್ದು ಅಂತಲೂ ಆಗ ಅರ್ಥವಾಯಿತು. ಚೆಲುವರಾಜುವಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಹೋಗಿ ಅಮ್ಮನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ.

"ಅವ್ವ, ಹೆದರ್ಕಬ್ಯಾಡ. ಅಪ್ಪನ ದನಿ ಎಲ್ಲೂ ಹೋಗಿಲ್ಲ. ಎಲ್ಲ ವಾಪಸ್ ಬಂದದೆ. ಇನ್ನು ಯಾವತ್ತೂ ಹೋಗಲ್ಲ."

ದೇವಿರಮ್ಮ ತಲೆ ಮೇಲೆ ಕೈ ಹೊತ್ತುಕೊಂಡಳು. "ಅಯ್ಯೋ ನಿನ್ ಮನೆ ಹಾಳಾಗ! ವಾಪಸ್ ಯಾಕೋ ತಂದೆ?"

"ಅಂದ್ರೆ?"

"ನಲವತ್ತು ವರ್ಷ ಕೇಳಿದ್ದೀನಿ ಕಣೋ ಆ ಕಾಫಿ ತಡ, ಉಪ್ಪು ಸಾಲ್ದು ಅನ್ನೋದ್ನ. ಹೋದ್ಮೇಲಾದ್ರೂ ಕಿವಿ ತಣ್ಣಗಿರ್ತದೆ ಅಂದ್ರೆ, ನೀನು ಅಪ್ಪನ್ನ ಅಷ್ಟು ಹಚ್ಕಂಡಿದ್ದೀಯ, ಆರ್ಸು ಅಂದ್ರೆ ನೊಂದ್ಕತೀಯ ಅಂತ ಸಹಿಸ್ಕಂಡಿದ್ದೆ. ಇವತ್ತು ಬೆಳಿಗ್ಗೆ ಕರ್ಜಿಕಾಯಿಗೆ ಹಿಟ್ಟು ಲಟ್ಟಿಸ್ತಾ ಇದ್ದೆ. ಕಾಫಿ ತಡ ಅಂತ ಶುರು ಮಾಡ್ತು. ಎದ್ದೋಗಿ ಲಟ್ಟಣಿಗೇಲಿ ಒಂದು ಬಿಟ್ಟೆ ನೋಡು. ವರ್ಷದಲ್ಲಿ ಇವತ್ತೊಂದಿನ ಕಣಪ್ಪ ನಾನು ನೆಮ್ಮದಿಯಾಗಿ ಕೂತಿದ್ದು."

ಉದ್ದಕ್ಕೆ, ದುಂಡಗೆ. ಅಡ್ಡಕ್ಕೆ ಬಿದ್ದ ವಿಭೂತಿ.  ಚೆಲುವರಾಜು ತಾನೂ ನಸುಕಿನಲ್ಲಿ ಗುದ್ದಿದ್ದನ್ನು ಹೇಳಿದ. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಫೋಟೋದಲ್ಲಿದ್ದವರಿಗೆ ಕಾಣದಂತೆ ಆ ಕಡೆ ತಿರುಗಿಕೊಂಡು ಹೊಟ್ಟೆ ಹಿಡಿದು ನಕ್ಕರು.

"ಆ 'ದೇವೀ, ಉಂಡ್ಬುಡು' ಅಂದಿದ್ದು ನೀನೇ ಅಂತ ಗೊತ್ತಾಯ್ತು ಕಣ್ಲಾ," ಅಂದಳು ದೇವಿರಮ್ಮ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮಪ್ಪ ನನ್ನ ಒಂದಿನಾನೂ ಹೆಸರಿಡ್ದು ಕರೀಲಿಲ್ಲ. ಅದೊಂದು ಇರ್ಲಿ. ಮಿಕ್ಕಿದ್ದು ಆರ್ಸಪ್ಪ."

ಚೆಲುವರಾಜು ಅದೊಂದು ಸಾಲನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಬುಡಸಮೇತ ಅಳಿಸಿದ. ಮನೆ ತಣ್ಣಗಾಯಿತು. ಎಲ್ಲಿಯೂ ಒಂದು ಚೂರು ಸದ್ದಿಲ್ಲ. ಸುಚಿತ್ರಾ ಸಾರಿಗೆ ಉಪ್ಪು ಹಾಕಿ ತಂದಳು, ಮೂವರೂ ಊಟಕ್ಕೆ ಕೂತರು. ಚೆಲುವರಾಜು ವರ್ಷದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಮುದ್ದೆ ಮುರಿದ.

"ಗಮನಿಸಿ! ಲೋ ಚೆಲುವಾ! ಏಳೋ ಸೋಮಾರಿ ನನ್ ಮಗನೆ!"

ತುತ್ತು ಕೈಯಲ್ಲೇ ಉಳಿಯಿತು. ಲ್ಯಾಪ್‌ಟಾಪು ಕಣ್ಣು ಮುಚ್ಚಿಕೊಂಡು ತಣ್ಣಗೆ ಕೂತಿತ್ತು. ದನಿ ಬಂದದ್ದು ಗೋಡೆಯಾಚೆ ಬೆಟ್ಟಮ್ಮನ ಮನೆಯಿಂದ. ಬೆನ್ನಿಗೇ ಎದುರು ಮನೆಯಿಂದ, "ಹುಟ್ಟಿದಾಗ್ಲಿಂದ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯೇನೋ?" ಮೂಲೆಮನೆಯಿಂದ, "ದಂಡಪಿಂಡ!" ಕತ್ತಲ ಬೀದಿಯಲ್ಲಿ ಮನೆಯಿಂದ ಮನೆಗೆ ಲಿಂಗಯ್ಯನವರ ದನಿ ನಡೆದುಕೊಂಡು ಹೋಗುತ್ತಿತ್ತು.

ಚೆಲುವರಾಜು ಕಿಟಕಿಗೆ ಓಡಿದ. ಆಚೆ ಕಿಟಕಿಯಲ್ಲಿ ಬೆಟ್ಟಮ್ಮ ಭಕ್ತಿಯಿಂದ ಮೊಬೈಲನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ಬೀದಿ ಗ್ರೂಪಿಗೆಲ್ಲ ಹಾಕ್ಬುಟ್ಟೆ ಕಣಪ್ಪ! ಸಾಕ್ಷಾತ್ ಎದ್ದು ಬಂದೋರ ದನಿ! ನಾಳೆಯಿಂದ ಎಲ್ಲರ ಮನೇಲೂ ಇದೇ ಅಲಾರಂ ಅಂತ ತೀರ್ಮಾನ ಆಯ್ತು! ಈಗ ಸುಮ್ನೆ ಸರಿಯಾಗಿ ಕೂಗ್ತದಾ ಅಂತ ನೋಡ್ತಾ ಇದ್ದೀವಿ!"

ಆ ದನಿ ತನ್ನದು ಅಂತ ಹೇಳುವಂತಿಲ್ಲ, ಹೇಳದೆ ಇರುವಂತಿಲ್ಲ. ಚೆಲುವರಾಜು ವಾಪಸು ಬಂದು ಎಲೆಯ ಮುಂದೆ ಕುಕ್ಕರಿಸಿ, ಅಮ್ಮನ ಮುಖ ನೋಡಿದ. ದೇವಿರಮ್ಮ ನಿಟ್ಟುಸಿರು ಬಿಟ್ಟಳು.

"ಮನೆ ಮನೆಗೂ ಹೋಗಾಕಾಯ್ತದಾ ಮಗ? ನಂತಾವ ಇರೋದು ಒಂದೇ ಲಟ್ಟಣಿಗೆ."